ತಲೆಬಾಗಿಲ ಬೀಗ: ಕೆಟ್ಟು ಕೆಟ್ಟು ಬೆಳೆದ ಕಥೆ

ಮೃಗಶಿರಾ ಮಳೆ ಹಿಡಿದು ವಾರ ಕಳೆಯುವಷ್ಟರಲ್ಲಿ ಮಲೆನಾಡು, ಕರಾವಳಿಯ ಬೀಗ ರಿಪೇರಿಯವರಿಗೆ ಬಿಡುವಿರುವುದಿಲ್ಲ. ಮೇ ತಿಂಗಳವರೆಗೂ ತಕರಾರಿಲ್ಲದೆ ತಿರುಗುತ್ತಿದ್ದ ಬೀಗದಕೈ ಅರ್ಧ ಸುತ್ತಿಗೇ ನಿಂತುಬಿಡುತ್ತದೆ. ಬಾಗಿಲಿಗೆ ಹೆಗಲು ಕೊಟ್ಟು ಒತ್ತಿದರೆ ಒಮ್ಮೆ ಬೀಗ ಬೀಳುತ್ತದೆ, ಇನ್ನೊಮ್ಮೆ ಬೀಳುವುದಿಲ್ಲ. ಬೀಗ ಕೆಟ್ಟಿತೆಂದು ತೀರ್ಮಾನಿಸಿದ ಮನೆಯವರು ಹೊಸದೊಂದನ್ನು ತಂದಿಟ್ಟುಕೊಂಡೇ ರಿಪೇರಿಯವನಿಗೆ ಹೇಳಿಕಳುಹಿಸುತ್ತಾರೆ. ಬಂದವನು ಪಳಗಿದ ಕೈಯಾದರೆ ಸ್ಕ್ರೂಡ್ರೈವರ್ ಹಿಡಿಯುವ ಮುನ್ನ ಒಂದು ಕೆಲಸ ಮಾಡುತ್ತಾನೆ. ಬಾಗಿಲನ್ನು ಪೂರಾ ತೆರೆದು ನಿಲ್ಲಿಸಿ, ಹಾಗೆಯೇ ಬೀಗದಕೈ ತಿರುಗಿಸಿ ನೋಡುತ್ತಾನೆ. ತೆರೆದ ಬಾಗಿಲಲ್ಲಿ ಬೀಗದ ನಾಲಗೆ ಸಲೀಸಾಗಿ ಹೊರಬಂದು ಒಳಹೋದರೆ ಬೀಗದ ತಪ್ಪೇನೂ ಇಲ್ಲ. ತಪ್ಪು ಉಬ್ಬಿದ ಮರದ್ದು, ಜಗ್ಗಿದ ಕೀಲಿನದ್ದು, ಇಲ್ಲವೇ ಚೌಕಟ್ಟಿನದ್ದು.

ಬೀಗದ ಚರಿತ್ರೆಯನ್ನು ಕಳ್ಳನಿಗೂ ಕಮ್ಮಾರನಿಗೂ ನಡೆದ ಪಂದ್ಯವೆಂದು ಹೇಳುವುದು ರೂಢಿ. ಅದರಲ್ಲಿ ಸುಳ್ಳಿಲ್ಲ. ಆದರೆ ರಿಪೇರಿಯವನ ಮಣೆಯ ಮೇಲೆ ಕೂತು ನೋಡಿದರೆ ಇನ್ನೊಂದು ಚರಿತ್ರೆ ಕಾಣುತ್ತದೆ. ಕಳ್ಳ ಒಂದು ಮನೆಗೆ ತಲೆಮಾರಿಗೊಮ್ಮೆ ಬಂದಾನು, ಬಾರದೆಯೂ ಇದ್ದಾನು. ಮಳೆ, ಧೂಳು, ತುಕ್ಕು, ಸವೆತ ಮಾತ್ರ ದಿನವೂ ಬರುತ್ತವೆ. ಹಳೆಯ ಬೀಗ ಎಲ್ಲಿ ಕೈಕೊಟ್ಟಿತೋ ಅಲ್ಲಿಂದಲೇ ಹೊಸ ಬೀಗ ಹುಟ್ಟಿದೆ.

ಮೊದಲ ಬೀಗಗಳು ಮರದವು. ಇಂದಿನ ಇರಾಕಿನ ಖೋರ್ಸಾಬಾದಿನಲ್ಲಿ, ಕ್ರಿಸ್ತಪೂರ್ವ 8ನೇ ಶತಮಾನದ ಅಸ್ಸೀರಿಯಾದ ದೊರೆ ಎರಡನೇ ಸಾರ್ಗೋನನ ಅರಮನೆಯ ಹೆಬ್ಬಾಗಿಲಿಗೆ ಭಾರಿ ಮರದ ಬೀಗವಿತ್ತೆಂದು 19ನೇ ಶತಮಾನದ ವಿದ್ವಾಂಸ ಜೋಸೆಫ್ ಬೊನೋಮಿ ಬರೆದಿದ್ದಾನೆ. ಅಂಥ ಬೀಗದ ಕೈಯನ್ನು ಹೆಗಲ ಮೇಲೆ ಹೊತ್ತುಕೊಂಡು ಓಡಾಡಬೇಕಿತ್ತು. ಈಜಿಪ್ಟ್ ಮತ್ತು ಪಶ್ಚಿಮ ಏಷ್ಯಾದ ಹಳ್ಳಿಗಳಲ್ಲಿ ಅದರ ಚಿಕ್ಕ ರೂಪಗಳು ಇತ್ತೀಚಿನವರೆಗೂ ಬಳಕೆಯಲ್ಲಿದ್ದವು. ಅದರ ಯುಕ್ತಿ ಸರಳ. ಬಾಗಿಲಿಗೆ ಅಡ್ಡಲಾಗಿ ಸರಿಯುವ ಮರದ ಅಗುಳಿಯಲ್ಲಿ ಕೆಲವು ತೂತುಗಳು. ಅಗುಳಿ ಮುಚ್ಚಿದೊಡನೆ ಮೇಲಿನ ಪೆಟ್ಟಿಗೆಯಿಂದ ಮರದ ಗೂಟಗಳು ತಮ್ಮ ಭಾರಕ್ಕೆ ಆ ತೂತುಗಳೊಳಗೆ ಬಿದ್ದು ಕೂರುತ್ತವೆ. ದೊಡ್ಡ ಹಲ್ಲುಜ್ಜುವ ಬ್ರಷ್ಷಿನಂತೆ ಕಾಣುವ ಬೀಗದಕೈಯ ಮುಳ್ಳುಗಳನ್ನು ಕೆಳಗಿನಿಂದ ತೂರಿಸಿ ಎತ್ತಿದರೆ ಗೂಟಗಳೆಲ್ಲ ಒಟ್ಟಿಗೆ ಮೇಲೇಳುತ್ತವೆ, ಅಗುಳಿ ಸರಿಯುತ್ತದೆ. ಇಂದು ತಲೆಬಾಗಿಲಲ್ಲಿರುವ ಹಿತ್ತಾಳೆಯ ಸಿಲಿಂಡರಿನ ಒಳಗಿರುವುದೂ ಇದೇ ಯುಕ್ತಿ. ವ್ಯತ್ಯಾಸ ಅಳತೆಯದು, ಲೋಹದ್ದು ಮತ್ತು ಸ್ಪ್ರಿಂಗಿನದು.

ಕನ್ನಡನಾಡಿನ ಹಳೆಯ ತೊಟ್ಟಿಮನೆಗಳಿಗೆ ಇಷ್ಟೆಲ್ಲ ಯುಕ್ತಿಯೂ ಬೇಕಿರಲಿಲ್ಲ. ಒಟ್ಟು ಕುಟುಂಬದ ಮನೆ ಎಂದಮೇಲೆ ಹಗಲಿರುಳು ಒಳಗೆ ಯಾರಾದರೂ ಇದ್ದೇ ಇರುತ್ತಾರೆ. ಹೊರಗಿನಿಂದ ಬೀಗ ಜಡಿದು ಹೋಗುವ ಪ್ರಸಂಗ ಅಪರೂಪ. ರಾತ್ರಿ ಒಳಗಿನಿಂದ ಅಡ್ಡಮರ ಹಾಕಿದರೆ ಮುಗಿಯಿತು. ಬಾಗಿಲುಗಳೂ ಇಂದಿನ ಕಬ್ಬಿಣದ ಕೀಲುಗಳ ಮೇಲೆ ನೇತಾಡುತ್ತಿರಲಿಲ್ಲ. ಕದದ ಮೇಲೆ ಕೆಳಗೆ ಬಿಟ್ಟ ಮರದ ತಿರುಗುಣಿ ಹೊಸ್ತಿಲ ಕುಳಿಯೊಳಗೆ ಕೂತು ಸುತ್ತುತ್ತಿತ್ತು. ತಿರುಗುಣಿ ಸವೆದಂತೆ ಕದ ಕೆಳಕ್ಕೆ ಕೂರುತ್ತದೆ, ಹೊಸ್ತಿಲಿಗೆ ಉಜ್ಜುತ್ತದೆ, ಚಿಲಕದ ಕೊಂಡಿ ಬಳೆಗೆ ಸಿಗದಾಗುತ್ತದೆ. ಆಗ ಕರೆಯಬೇಕಾದದ್ದು ಬಡಗಿಯನ್ನು, ಕಮ್ಮಾರನನ್ನಲ್ಲ. ಬೀಗದ ಜಾಗ ಬೇರೆ ಇತ್ತು: ಕೋಣೆ, ಪೆಟ್ಟಿಗೆ, ಕಣಜ. ಅವುಗಳ ಕೈಗೊಂಚಲು ಮನೆಯ ಹಿರಿಯ ಹೆಂಗಸಿನ ಸೊಂಟದಲ್ಲಿ ಇರುತ್ತಿತ್ತು. ಕೇರಳದ ತರವಾಡು ಎಂಬ ಹಿರಿಮನೆಗಳಲ್ಲಿ ಮಾತ್ರ ಬಾಗಿಲಿನ ಬೀಗವೇ ಕುಸುರಿ ಕೆಲಸದ ಒಡವೆಯಾಗಿ ಬೆಳೆಯಿತು. 1993ರ ಮಲಯಾಳಂ ಚಿತ್ರ ‘ಮಣಿಚಿತ್ರತ್ತಾಳ್’ ಹೆಸರು ಪಡೆದದ್ದು ಅಂಥದೇ ಬೀಗದಿಂದ. ಅದೇ ಕಥೆ 2004ರಲ್ಲಿ ಕನ್ನಡಕ್ಕೆ ‘ಆಪ್ತಮಿತ್ರ’ವಾಗಿ ಬಂತು.

ಬಾಗಿಲು, ಬೀಗಗಳ ದೌರ್ಬಲ್ಯವನ್ನು ಚೆನ್ನಾಗಿ ಬಲ್ಲ ಪಾತ್ರವೊಂದು ಸಂಸ್ಕೃತ ನಾಟಕದಲ್ಲಿದೆ. ಶೂದ್ರಕನ ‘ಮೃಚ್ಛಕಟಿಕ’ದ ಮೂರನೆಯ ಅಂಕದಲ್ಲಿ ಚಾರುದತ್ತನ ಮನೆಗೆ ಕನ್ನ ಹಾಕುವ ಶರ್ವಿಲಕ ಹುಟ್ಟಿನಿಂದ ಬ್ರಾಹ್ಮಣ, ಕಸುಬಿನಿಂದ ಕಳ್ಳ. ಅಳತೆದಾರ ತರುವುದನ್ನು ಮರೆತಿದ್ದಾನೆ. ಕೊರಳ ಜನಿವಾರವನ್ನೇ ಅಳತೆದಾರ ಮಾಡಿಕೊಂಡು, ತನ್ನಂಥವನಿಗೆ ಇದೆಷ್ಟು ಉಪಕಾರಿಯೆಂದು ಹೊಗಳುತ್ತಾನೆ. ಗೋಡೆ ಅಳೆಯಲು, ಒಡವೆಯ ಕೊಂಡಿ ಬಿಡಿಸಲು, ಹಾವು ಕಚ್ಚಿದರೆ ಬಿಗಿಯಲು ಮಾತ್ರವಲ್ಲ, ಯಂತ್ರದಿಂದ ಭದ್ರಪಡಿಸಿದ ಕದ ತೆಗೆಯಲೂ ಅದು ಆಗುತ್ತದಂತೆ. ಒಳಹೊಕ್ಕ ಮೇಲೆ ಅವನನ್ನು ಕಾಡುವುದು ಹಳೆಯ ಮನೆಯ ಬಾಗಿಲಿನ ಕಿರುಗುಟ್ಟುವಿಕೆ. ನೀರು ಹುಡುಕಿ ತಂದು ಬಾಗಿಲಿಗೆ ಚಿಮುಕಿಸಿ ಸದ್ದಡಗಿಸುತ್ತಾನೆ. ಕಳ್ಳತನಕ್ಕೆ ಹೊರಟವನೂ ಮೊದಲು ಆ ಮನೆಯ ಬಾಗಿಲನ್ನು ರಿಪೇರಿ ಮಾಡಬೇಕಾಯಿತು. ಮುಂದೆ ನಮ್ಮ ಕಡೆಯ ಎಷ್ಟೋ ಗೃಹಸ್ಥರು ತಿಜೋರಿಯ ಕೈಯನ್ನು ಕಟ್ಟಿಕೊಂಡು ಓಡಾಡಿದ್ದು ಅದೇ ಜನಿವಾರಕ್ಕೆ.

ಯುರೋಪಿನಲ್ಲಿ ರೋಮನ್ನರು ಮರವನ್ನು ಬಿಟ್ಟು ಕಬ್ಬಿಣ, ಕಂಚು ಹಿಡಿದರು. ಬೀಗದಕೈ ಬೆರಳಿನ ಉಂಗುರದಲ್ಲಿ ಕೂರುವಷ್ಟು ಚಿಕ್ಕದಾಯಿತು. ಬೀಗದ ಪೆಟ್ಟಿಗೆಯೊಳಗೆ ಅಲುಗಾಡದ ಅಡ್ಡಪಟ್ಟಿಗಳನ್ನು ನಿಲ್ಲಿಸಿ, ಅವುಗಳಿಗೆ ತಕ್ಕ ಕಚ್ಚುಗಳಿರುವ ಕೈ ಮಾತ್ರ ತಿರುಗುವಂತೆ ಮಾಡುವ ಪದ್ಧತಿ ಸಾವಿರ ವರ್ಷಕ್ಕೂ ಮಿಗಿಲಾಗಿ ನಡೆಯಿತು. ಅದರ ದೋಷವೂ ಅದರೊಳಗೇ ಇತ್ತು. ಅಡ್ಡಪಟ್ಟಿಗಳು ದಾರಿಗೆ ಅಡ್ಡ ನಿಲ್ಲುತ್ತವೆಯೇ ಹೊರತು ನಾಲಗೆಯನ್ನು ಹಿಡಿದಿಡುವುದಿಲ್ಲ. ಕೈಯ ನಡುಭಾಗವನ್ನೆಲ್ಲ ಅರದಿಂದ ಉಜ್ಜಿ ತೆಗೆದು ತುದಿಯೊಂದನ್ನು ಉಳಿಸಿಕೊಂಡರೆ ಅದು ಯಾವ ಪಟ್ಟಿಗೂ ತಾಗದೆ ಸುತ್ತುತ್ತದೆ. ಒಂದೇ ಕೈ ಬೀದಿಯ ಹತ್ತಾರು ಬೀಗಗಳನ್ನು ತೆರೆಯುತ್ತದೆ. ಕಮ್ಮಾರರು ಈ ದೋಷವನ್ನು ಸರಿಪಡಿಸುವ ಬದಲು ಹೂಬಳ್ಳಿಯ ಕೆತ್ತನೆಯಿಂದ ಮುಚ್ಚಿದರು.

ಆ ಕಾಲದ ಬೀಗದ ಮೋಹಕ್ಕೆ ದೊಡ್ಡ ಉದಾಹರಣೆ ಫ್ರಾನ್ಸಿನ ದೊರೆ 16ನೇ ಲೂಯಿ. ವರ್ಸೈ ಅರಮನೆಯಲ್ಲಿ ಕುಲುಮೆ, ಅರ ಇಟ್ಟುಕೊಂಡು ಬೀಗ ಮಾಡುವುದು ಅವನ ಹವ್ಯಾಸ. ಕಲಿಸಿದವನು ಫ್ರಾಂಸ್ವಾ ಗಾಮಾಂ ಎಂಬ ಬೀಗದ ಕಮ್ಮಾರ. ಕ್ರಾಂತಿಯ ದಿನಗಳಲ್ಲಿ ದೊರೆ ತ್ವಿಲರಿ ಅರಮನೆಯ ಗೋಡೆಯಲ್ಲಿ ಗುಟ್ಟಿನ ಕಬ್ಬಿಣದ ಕಪಾಟು ಮಾಡಿಸಿ ಕಾಗದಪತ್ರ ಅಡಗಿಸಿಟ್ಟ. 1792ರ ನವೆಂಬರಿನಲ್ಲಿ ಅದರ ಸುಳಿವನ್ನು ಸರ್ಕಾರಕ್ಕೆ ಕೊಟ್ಟವನು ಅದೇ ಗಾಮಾಂ. ಆ ಪತ್ರಗಳು ವಿಚಾರಣೆಯಲ್ಲಿ ಸಾಕ್ಷಿಯಾದವು. 1793ರ ಜನವರಿ 21ರಂದು ದೊರೆಯ ತಲೆ ಉರುಳಿತು.

ದೋಷವನ್ನು ದೋಷವೆಂದು ಒಪ್ಪಿಕೊಂಡು ಹೊರಟವರು ಇಂಗ್ಲೆಂಡಿನವರು. 1778ರಲ್ಲಿ ರಾಬರ್ಟ್ ಬ್ಯಾರನ್ ಪೇಟೆಂಟ್ ಪಡೆದ ಬೀಗದಲ್ಲಿ ಅಲುಗಾಡುವ ಲಿವರುಗಳಿದ್ದವು. ಕೈ ಅವನ್ನು ಕಡಿಮೆ ಎತ್ತಿದರೂ ನಾಲಗೆ ಸರಿಯದು, ಹೆಚ್ಚು ಎತ್ತಿದರೂ ಸರಿಯದು. ಸರಿಯಾದ ಎತ್ತರ ಒಂದೇ. ಇಂದಿಗೂ ಲಿವರ್ ಬೀಗಗಳೆಲ್ಲ ಬ್ಯಾರನ್ನನ ವಂಶದವು. ಆರು ವರ್ಷದ ನಂತರ, 1784ರಲ್ಲಿ, ಜೋಸೆಫ್ ಬ್ರಾಮಾ ಕೊಳವೆಯಾಕಾರದ ಕೈಯಿಂದ ತೆರೆಯುವ ಇನ್ನೊಂದು ಬೀಗ ತಂದ. ಅದರ ಬಿಡಿಭಾಗಗಳು ಕೈ ಅರದ ಕೆಲಸಕ್ಕೆ ಬಗ್ಗದಷ್ಟು ಸೂಕ್ಷ್ಮ. ಅದಕ್ಕೆಂದೇ ಯಂತ್ರಗಳನ್ನು ಕಟ್ಟಲು ಬ್ರಾಮಾ ನೇಮಿಸಿಕೊಂಡ ಹುಡುಗ ಹೆನ್ರಿ ಮಾಡ್‌ಸ್ಲೆ ಮುಂದೆ ಇಂಗ್ಲೆಂಡಿನ ಯಂತ್ರೋಪಕರಣ ಉದ್ಯಮದ ಹಿರಿಯನಾದ. ಲಂಡನ್ನಿನ ಪಿಕಡಿಲಿಯ ಅಂಗಡಿ ಕಿಟಕಿಯಲ್ಲಿ ಬ್ರಾಮಾ ತನ್ನ ಬೀಗವನ್ನಿಟ್ಟು, ಇದನ್ನು ತೆರೆಯಬಲ್ಲ ಸಾಧನ ಮಾಡಿದವನಿಗೆ 200 ಗಿನಿ ಬಹುಮಾನವೆಂದು ಸಾರಿದ. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಆ ಹಣ ಯಾರ ಪಾಲಿಗೂ ಬರಲಿಲ್ಲ.

1817ರಲ್ಲಿ ಪೋರ್ಟ್ಸ್‌ಮೌತ್ ನೌಕಾಂಗಣದಲ್ಲಿ ಕಳ್ಳತನವಾಯಿತು. ಅಸಲು ಕೈಯಿಂದ ಮಾತ್ರ ತೆರೆಯುವ ಬೀಗಕ್ಕೆ ಸರ್ಕಾರ 100 ಪೌಂಡ್ ಬಹುಮಾನ ಘೋಷಿಸಿತು. 1818ರಲ್ಲಿ ಅದನ್ನು ಗೆದ್ದ ಜೆರೆಮಯಾ ಚಬ್ ಹೊಸದೊಂದು ಉಪಾಯ ಹೂಡಿದ್ದ: ಅವನ ಬೀಗ ಬೇಕೆಂದೇ ಕೆಡುತ್ತಿತ್ತು. ಸುಳ್ಳು ಕೈಯಿಂದ ಯಾರಾದರೂ ಲಿವರನ್ನು ಅಳತೆ ಮೀರಿ ಎತ್ತಿದರೆ ಒಳಗಿನ ಕೊಕ್ಕೆಯೊಂದು ಅದನ್ನು ಹಿಡಿದುಬಿಡುತ್ತದೆ; ಆಮೇಲೆ ಅಸಲು ಕೈಗೂ ಬೀಗ ಬಗ್ಗದು. ಯಾರೋ ಕೈಯಾಡಿಸಿದ್ದಾರೆಂದು ಮನೆಯೊಡೆಯನಿಗೆ ತಿಳಿಯುವುದು ಹಾಗೆ. ಅದನ್ನು ಸರಿಪಡಿಸಲು ಮೊದಮೊದಲು ಬೇರೊಂದು ಕೈ ಬೇಕಿತ್ತು. ಸುಧಾರಿಸಿದ ರೂಪದಲ್ಲಿ ಅಸಲು ಕೈಯನ್ನೇ ಹಿಮ್ಮುಖ ತಿರುಗಿಸಿದರೆ ಸಾಕಾಯಿತು. ಪೋರ್ಟ್ಸ್‌ಮೌತಿನ ಬಂದೀಹಡಗಿನಲ್ಲಿದ್ದ, ಬೀಗದ ಕಸುಬು ಬಲ್ಲ ಕೈದಿಯೊಬ್ಬನಿಗೆ ಇದನ್ನು ತೆರೆದರೆ ಬಿಡುಗಡೆಯ ಆಮಿಷ ಒಡ್ಡಲಾಯಿತು. ತಿಂಗಳುಗಟ್ಟಲೆ ಹೆಣಗಿ ಅವನು ಕೈಚೆಲ್ಲಿದ.

ಈ ಭರವಸೆಯೆಲ್ಲ ಕುಸಿದದ್ದು 1851ರಲ್ಲಿ, ಲಂಡನ್ನಿನ ಮಹಾ ಪ್ರದರ್ಶನದ ವರ್ಷ. ಎರಡು ವರ್ಷದ ಹಿಂದೆ ಲಾಹೋರಿನಿಂದ, ಬಾಲದೊರೆ ದುಲೀಪ್ ಸಿಂಗನ ಬೊಕ್ಕಸದಿಂದ ಬ್ರಿಟಿಷರ ಕೈವಶವಾಗಿದ್ದ ಕೊಹಿನೂರ್ ವಜ್ರವನ್ನು ಪ್ರದರ್ಶನ ನಡೆದ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಚಬ್ ಕಂಪನಿ ತಯಾರಿಸಿದ ಪಂಜರದಲ್ಲಿ ಇಡಲಾಗಿತ್ತು. ಅದೇ ಬೇಸಿಗೆಯಲ್ಲಿ ಅಮೆರಿಕದ ಬೀಗ ತಜ್ಞ ಆಲ್ಫ್ರೆಡ್ ಚಾರ್ಲ್ಸ್ ಹಾಬ್ಸ್ ಸಾಕ್ಷಿಗಳೆದುರು ಚಬ್ ಬೀಗವನ್ನು 25 ನಿಮಿಷದಲ್ಲಿ ತೆರೆದ. ಬೀಗ ಕೆಟ್ಟು ಸಿಕ್ಕಿಕೊಂಡಾಗಲೆಲ್ಲ ಆ ಸಿಕ್ಕಿಕೊಳ್ಳುವಿಕೆಯೇ ಯಾವ ಲಿವರ್ ಎಷ್ಟು ಎತ್ತರಕ್ಕೇರಬೇಕೆಂದು ಅವನಿಗೆ ಹೇಳಿಕೊಟ್ಟಿತು. ಬಳಿಕ ಬ್ರಾಮಾನ ಕಿಟಕಿಯ ಬೀಗ. ಹದಿನಾರು ದಿನಗಳಲ್ಲಿ ಹಂಚಿಹೋದ ಒಟ್ಟು 51 ಗಂಟೆಗಳ ದುಡಿಮೆಯ ನಂತರ ಅದೂ ಬಾಯಿಬಿಟ್ಟಿತು, 200 ಗಿನಿ ಕೈಬದಲಾಯಿತು. ಇಂಗ್ಲೆಂಡಿನ ಪತ್ರಿಕೆಗಳು ತಿಂಗಳುಗಟ್ಟಲೆ ಜಗಳಾಡಿದವು: ಬೀಗದ ದೋಷಗಳನ್ನು ಹೀಗೆ ಬಯಲಲ್ಲಿ ಚರ್ಚಿಸಬಹುದೇ? ಕಳ್ಳರಿಗೆ ಇದೆಲ್ಲ ಮೊದಲೇ ಗೊತ್ತು, ಗೊತ್ತಿಲ್ಲದಿರುವುದು ಮನೆಯವರಿಗೆ ಮಾತ್ರ ಎಂಬುದು ಹಾಬ್ಸನ ಪಕ್ಷದವರ ವಾದ. ಇಂದು ಕಂಪ್ಯೂಟರ್ ತಂತ್ರಾಂಶದ ಲೋಪಗಳ ಬಗ್ಗೆ ನಡೆಯುವ ಚರ್ಚೆಯಲ್ಲೂ ಅದೇ ವಾದ ಕೇಳಿಬರುತ್ತದೆ.

ದೊಡ್ಡವರ ಬೀಗಗಳ ಕಥೆ ಇದಾದರೆ ಬಡವರ ಬಾಗಿಲಿಗೆ ಬೀಗ ಬಂದದ್ದು ವಿಲೆನ್‌ಹಾಲ್ ಎಂಬ ಊರಿನಿಂದ. ಮಧ್ಯ ಇಂಗ್ಲೆಂಡಿನ ಈ ಊರಿನಲ್ಲಿ ಮನೆಹಿತ್ತಲ ಕಾರ್ಖಾನೆಗಳಲ್ಲಿ ಬಾಲ್ಯದಿಂದಲೇ ವೈಸಿನ ಮೇಲೆ ಬಾಗಿ ಅರ ಉಜ್ಜಿ ಎಷ್ಟೋ ಮಂದಿಗೆ ಬೆನ್ನು ಗೂನಾಗುತ್ತಿತ್ತು. ನೆರೆಯವರು ಊರಿಗೆ ಗೂನರೂರೆಂದು ಅಡ್ಡಹೆಸರಿಟ್ಟಿದ್ದರು. ಅಲ್ಲಿಯ ಬೀಗ ಎಷ್ಟು ಅಗ್ಗವೆಂದರೆ, ಕೆಲಸಗಾರನ ಕೈಯಿಂದ ಒಂದು ಜಾರಿಬಿದ್ದರೆ ಬಗ್ಗಿ ಎತ್ತಿಕೊಳ್ಳುವುದಕ್ಕಿಂತ ಇನ್ನೊಂದನ್ನು ಮಾಡುವುದೇ ಬೇಗ ಎಂಬ ನಗೆಮಾತು ಹುಟ್ಟಿಕೊಂಡಿತ್ತು.

ತಲೆಬಾಗಿಲ ಬೀಗದ ಈಗಿನ ರೂಪವನ್ನು ಕೊಟ್ಟದ್ದು ಅಮೆರಿಕದ ಯೇಲ್ ಅಪ್ಪ ಮಗ. ತಂದೆ ಲೈನಸ್ ಯೇಲ್ 1840ರ ದಶಕದಲ್ಲಿ ಪುರಾತನ ಮರದ ಗೂಟದ ಯುಕ್ತಿಯನ್ನು ಲೋಹಕ್ಕೆ ತಂದ. ಭಾವಚಿತ್ರ ಬರೆಯುವುದನ್ನು ಬಿಟ್ಟು ಬಂದ ಅದೇ ಹೆಸರಿನ ಮಗ 1861 ಮತ್ತು 1865ರ ಪೇಟೆಂಟುಗಳಲ್ಲಿ ಅದನ್ನು ಹಿತ್ತಾಳೆಯ ಸಿಲಿಂಡರಿಗೂ ಚಪ್ಪಟೆ ಕೈಗೂ ಇಳಿಸಿದ. ಪ್ರತಿ ಪಿನ್ನೂ ಎರಡು ತುಂಡು, ಮೇಲೊಂದು ಸ್ಪ್ರಿಂಗ್. ಸರಿಯಾದ ಕೈ ಹೊಕ್ಕಾಗ ಎಲ್ಲ ಪಿನ್ನುಗಳ ಕೂಡುಗೆರೆ ಒಂದೇ ಮಟ್ಟಕ್ಕೆ ಬರುತ್ತದೆ, ಸಿಲಿಂಡರ್ ತಿರುಗುತ್ತದೆ. ಒಂದು ಪಿನ್ ಕೂದಲೆಳೆಯಷ್ಟು ಮೇಲೆ ಕೆಳಗೆ ಇದ್ದರೂ ತಿರುಗದು.

ಇದರ ಗೆಲುವು ಭದ್ರತೆಯೊಂದರಿಂದ ಬಂದದ್ದಲ್ಲ. ಹಳೆಯ ಬೀಗಕ್ಕೆ ಬಾಗಿಲಿನ ದಪ್ಪಕ್ಕೆ ತಕ್ಕ ಉದ್ದದ ಕೈ ಬೇಕಿತ್ತು, ಏಕೆಂದರೆ ಯಂತ್ರವಿದ್ದದ್ದು ಒಳಬದಿಯಲ್ಲಿ. ಯೇಲ್ ಯಂತ್ರದ ಮರ್ಮವನ್ನು ಸಿಲಿಂಡರಿನಲ್ಲಿಟ್ಟು ಬಾಗಿಲಿನ ಹೊರಮುಖಕ್ಕೆ ತಂದ. ಬಾಗಿಲು ಎಷ್ಟೇ ದಪ್ಪವಿರಲಿ, ಜೇಬಿಗೆ ಹಿಡಿಯುವ ಕೈ ಸಾಕಾಯಿತು. ರಿಪೇರಿಯವನಿಗೆ ಇನ್ನೂ ದೊಡ್ಡ ಲಾಭ: ಕೈ ಕಳೆದರೆ, ಪಿನ್ ಸವೆದರೆ ಸಿಲಿಂಡರ್ ಒಂದನ್ನೇ ಬದಲಿಸಬಹುದು. ನಾಲಗೆ, ಪೆಟ್ಟಿಗೆ, ಬಾಗಿಲಲ್ಲಿ ಕೊರೆದ ಕುಳಿ ಯಾವುದನ್ನೂ ಮುಟ್ಟಬೇಕಿಲ್ಲ. ಮಗ ಯೇಲ್ ತನ್ನ ಕಾರ್ಖಾನೆಯ ಬೆಳವಣಿಗೆ ನೋಡಲಿಲ್ಲ. ಪಾಲುದಾರ ಹೆನ್ರಿ ಟೌನ್ ಜೊತೆ ಕನೆಟಿಕಟ್‌ನ ಸ್ಟ್ಯಾಮ್‌ಫರ್ಡಿನಲ್ಲಿ ಅದನ್ನು ಆರಂಭಿಸಿದ 1868ರಲ್ಲೇ ತೀರಿಕೊಂಡ.

ಭಾರತಕ್ಕೆ ವಿಲಾಯತಿ ಬೀಗಗಳು ಹಡಗಿನಲ್ಲಿ ಬಂದವು. ಉತ್ತರದಲ್ಲಿ ಅವುಗಳಿಗೆ ಬೇರು ಸಿಕ್ಕಿದ್ದು ಅಲಿಗಢದಲ್ಲಿ. 1870ರಲ್ಲಿ ಅಲ್ಲಿ ಅಂಗಡಿ ತೆರೆದ ಜಾನ್ಸನ್ ಎಂಬ ಇಂಗ್ಲಿಷ್ ಕಂಪನಿ ಮೊದಲು ಆಮದು ಬೀಗ ಮಾರುತ್ತಿತ್ತು. 1890ರ ಹೊತ್ತಿಗೆ ಅಲ್ಲಿಯೇ ತಯಾರಿಸತೊಡಗಿತು. ಕಸುಬು ಮನೆಮನೆಗೆ ಹರಡಿತು. ಒಂದು ಮನೆಯಲ್ಲಿ ಹಿತ್ತಾಳೆ ಎರಕ, ಇನ್ನೊಂದರಲ್ಲಿ ಲಿವರ್ ಕತ್ತರಿಸುವುದು, ಮತ್ತೊಂದರಲ್ಲಿ ಮೆರುಗು ಕೊಡುವುದು, ಹೀಗೆ ಒಂದು ಬೀಗ ಹಲವು ಗಲ್ಲಿ ಸುತ್ತಿ ಪೂರ್ತಿಯಾಗುತ್ತದೆ.

ದಕ್ಷಿಣದ ಬೀಗದೂರು, ತಮಿಳುನಾಡಿನ ದಿಂಡಿಗಲ್, ಒಂದು ಕಾಲಕ್ಕೆ ಮೈಸೂರಿನ ಕೈಯಲ್ಲಿತ್ತು. ಹೈದರಾಲಿ 1755ರಲ್ಲಿ ಫೌಜುದಾರನಾಗಿ ಅಧಿಕಾರದ ಮೆಟ್ಟಿಲು ಹತ್ತಿದ್ದು ಅಲ್ಲಿಯೇ. ಟಿಪ್ಪು ಅದನ್ನು 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಇಂಗ್ಲಿಷರಿಗೆ ಬಿಟ್ಟುಕೊಟ್ಟ. ಬೀಗದ ಕಸುಬು ಅಲ್ಲಿ ಹೆಸರು ಮಾಡಿದ್ದು ಬಹಳ ಕಾಲದ ಮೇಲೆ, 20ನೇ ಶತಮಾನದಲ್ಲಿ. ಮಾವಿನಕಾಯಿ ಆಕಾರದ ಬೀಗ, ತೆರೆಯುವಾಗ ಗಂಟೆ ಬಾರಿಸುವ ಬೀಗ, ಗುಟ್ಟು ತಿಳಿಯದವನಿಗೆ ಕೈಯಿದ್ದೂ ತೆರೆಯದ ಬೀಗ, ಎಲ್ಲವೂ ಅರದಿಂದ ಕೈಯಾರೆ ಉಜ್ಜಿ ಕೂಡಿಸಿದವು. 2019ರಲ್ಲಿ ದಿಂಡಿಗಲ್ ಬೀಗಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಅಷ್ಟರಲ್ಲಿ ಯಂತ್ರದ ಅಗ್ಗದ ಬೀಗಗಳ ಎದುರು ಕುಲುಮೆಗಳು ಆರತೊಡಗಿದ್ದವು.

ಮುಂಬಯಿಯ ಕಥೆ ಬೇರೆ. ವಕೀಲಿ ಓದಿದ್ದ ಅರ್ದೇಶಿರ್ ಗೋದ್ರೆಜ್ ಆ ವೃತ್ತಿ ಬಿಟ್ಟು, ಶಸ್ತ್ರಚಿಕಿತ್ಸೆಯ ಸಲಕರಣೆ ತಯಾರಿಸಲು ಹೋಗಿ ಸೋತು, 1897ರಲ್ಲಿ ಲಾಲ್‌ಬಾಗಿನ ಒಂದು ಶೆಡ್ಡಿನಲ್ಲಿ ಬೀಗ ಮಾಡಲು ಕೂತ. ಅವನ ಸುಧಾರಣೆಗಳು ಮನೆಯವರ ತಾಪತ್ರಯದಿಂದಲೇ ಹುಟ್ಟಿದವು. ಕೈ ಕಳೆದರೆ, ಕೆಲಸದವನ ಕೈಯಲ್ಲಿ ನಕಲು ಉಳಿದರೆ ಏನು ಮಾಡುವುದು? ಅವನ ‘ಗೋರ್ಡಿಯನ್’ ಬೀಗಕ್ಕೆ ಎರಡು ಕೈ. ಎರಡನೆಯದರಿಂದ ಒಳಗಿನ ಜೋಡಣೆ ಬದಲಿಸಿದರೆ ಮೊದಲ ಕೈ ನಿರುಪಯೋಗಿ. ಲಿವರ್ ಬೀಗದಲ್ಲಿ ಮೊದಲು ಮುರಿಯುವುದು ಸ್ಪ್ರಿಂಗ್. ಕಡಲತಡಿಯ ಊರಿನಲ್ಲಿ ಅದು ತುಕ್ಕು ಹಿಡಿದು ಸಾಯುತ್ತದೆ. ಅರ್ದೇಶಿರ್ 20ನೇ ಶತಮಾನದ ಮೊದಲ ದಶಕದಲ್ಲಿ ಸ್ಪ್ರಿಂಗ್ ಇಲ್ಲದ ಬೀಗಕ್ಕೇ ಪೇಟೆಂಟ್ ಪಡೆದ. ಸ್ವತಂತ್ರ ಭಾರತದ ಮೊದಲ ಮಹಾಚುನಾವಣೆಗೆ 1951ರಲ್ಲಿ ಇದೇ ಕಂಪನಿಯ ವಿಕ್ರೋಲಿ ಕಾರ್ಖಾನೆ ಉಕ್ಕಿನ ಮತಪೆಟ್ಟಿಗೆಗಳನ್ನು ಲಕ್ಷಗಟ್ಟಲೆ ತಯಾರಿಸಿತು. ಹೊರಬೀಗ ಹಾಕಿದರೆ ಖರ್ಚು ಏರುತ್ತದೆಂದು ಪೆಟ್ಟಿಗೆಯ ಒಳಗೇ ಬೀಗದ ವ್ಯವಸ್ಥೆ ಅಡಗಿಸಿದ್ದರು.

ಕಾರ್ಖಾನೆಯ ಹೆಸರು ಬೀಗದ ಮೇಲಿರುತ್ತದೆ. ರಿಪೇರಿ ಮಾಡಿದವನ ಹೆಸರು ಎಲ್ಲಿಯೂ ಇರುವುದಿಲ್ಲ. ಹುಬ್ಬಳ್ಳಿಯಲ್ಲಿ ಕೀಲಿಕೈ ಎಂದು, ಮಂಗಳೂರಿನಲ್ಲಿ ಚಾವಿ ಎಂದು ಕೂಗಿ, ಕಬ್ಬಿಣದ ಬಳೆಗೆ ನೂರಾರು ಹಳೆಯ ಕೈಗಳನ್ನು ಪೋಣಿಸಿಕೊಂಡು ಓಡಾಡುವವರಲ್ಲಿ ಹಲವು ಸಮುದಾಯದವರಿದ್ದಾರೆ. ಒಂದು ಕಾಲಕ್ಕೆ ಕತ್ತಿ, ಈಟಿ ಮಾಡಿ ಸಾಣೆ ಹಿಡಿಯುತ್ತಿದ್ದ ಸಿಕ್ಲಿಗರ್ ಸಿಖ್ಖರು ಅವರಲ್ಲೊಂದು ಕವಲು. ಬ್ರಿಟಿಷ್ ಸರ್ಕಾರದ 1878ರ ಶಸ್ತ್ರ ಕಾಯಿದೆ ಆಯುಧದ ಕಸುಬಿನ ಬುಡಕ್ಕೆ ಕೊಡಲಿಯಿಟ್ಟ ಮೇಲೆ ಚೂರಿ, ಬಾಣಲೆ, ಬೀಗದಕೈಯೇ ಅವರಲ್ಲಿ ಅನೇಕರ ಅನ್ನವಾಯಿತು.

ಬೀಗವನ್ನು ಬಿಚ್ಚದೆ ಅದಕ್ಕೆ ಕೈ ಮಾಡಿಕೊಡುವುದು ಅವರ ವಿದ್ಯೆ. ಹಲ್ಲಿಲ್ಲದ ಖಾಲಿ ಕೈಯನ್ನು ತೂರಿಸಿ, ಎರಡೂ ಕಡೆ ಒತ್ತಿ ತಿರುಗಿಸಿ ಹೊರತೆಗೆಯುತ್ತಾರೆ. ಒಳಗಿನ ಪಿನ್ನು, ಲಿವರುಗಳು ಎಲ್ಲಿ ತಡೆದವೋ ಅಲ್ಲಿ ಸೂಜಿಮೊನೆಯಷ್ಟು ಗುರುತು ಬಿದ್ದಿರುತ್ತದೆ. ಅಷ್ಟನ್ನೇ ಅರದಿಂದ ಉಜ್ಜಿ ಮತ್ತೆ ತೂರಿಸುತ್ತಾರೆ. ಗುರುತು ಬೀಳುವುದು ನಿಂತಲ್ಲಿ ಉಜ್ಜುವುದೂ ನಿಲ್ಲುತ್ತದೆ. ಹೀಗೆ ಹತ್ತಾರು ಬಾರಿ ಮಾಡಿದ ಮೇಲೆ ಬೀಗ ತೆರೆಯುತ್ತದೆ, ಜೊತೆಗೆ ಹೊಸ ಕೈಯೂ ಸಿದ್ಧವಾಗಿರುತ್ತದೆ. ನಕಲು ಕತ್ತರಿಸುವ ಯಂತ್ರ ಈ ವಿದ್ಯೆಯನ್ನು ಮೂಲೆಗೆ ತಳ್ಳಿದೆ. ಯಂತ್ರಕ್ಕೆ ನೋಡಿ ಮಾಡಲು ಒಂದು ಕೈ ಬೇಕೇ ಬೇಕು. ಕೈ ಕಳೆದುಹೋದ ಬೀಗಕ್ಕೆ ಇಂದೂ ಹಳಬರೇ ಗತಿ.

ಮನೆಯ ತಲೆಬಾಗಿಲಲ್ಲಿ ಇಂದು ಏಳುವ ತಕರಾರುಗಳನ್ನು ಈ ಚರಿತ್ರೆಯ ಬೆಳಕಿನಲ್ಲಿ ಓದಿದರೆ ಅರ್ಧ ರಿಪೇರಿ ಆದಂತೆಯೇ. ಮರದ ಬೀಗದ ಕಾಲದಿಂದ ಬಂದ ದೋಷ ಮರದ್ದು. ಬಾಗಿಲು ತೆರೆದಾಗ ಬೀಗ ಸರಿಯಿದ್ದು, ಮುಚ್ಚಿದಾಗ ಕೈಕೊಟ್ಟರೆ ನಾಲಗೆಯ ತುದಿಗೆ ಒಂದಿಷ್ಟು ಕುಂಕುಮವನ್ನೋ ಸೀಮೆಸುಣ್ಣವನ್ನೋ ಹಚ್ಚಿ ಬಾಗಿಲು ಮುಚ್ಚಿ ತಿರುಗಿಸಬೇಕು. ಚೌಕಟ್ಟಿನ ತಗಡಿನ ಮೇಲೆ ಬಣ್ಣ ಎಲ್ಲಿ ಅಂಟಿತೋ ನಾಲಗೆ ಬಡಿಯುತ್ತಿರುವುದು ಅಲ್ಲಿ. ಬಣ್ಣ ತೂತಿನ ಕೆಳಗಂಚಿಗೆ ಅಂಟಿದ್ದರೆ ಬಾಗಿಲು ಜಗ್ಗಿದೆ ಎಂದರ್ಥ. ಮೇಲಿನ ಕೀಲಿನ ಸ್ಕ್ರೂ ಬಿಗಿಮಾಡಿದರೆ, ಹಿಡಿತ ಬಿಟ್ಟ ತೂತಿಗೆ ಮರದ ಚಕ್ಕೆ ಬಡಿದು ಉದ್ದದ ಸ್ಕ್ರೂ ಹಾಕಿದರೆ ಅನೇಕ ಬಾರಿ ಅಷ್ಟೇ ಸಾಕು. ಕೂದಲೆಳೆಯ ವ್ಯತ್ಯಾಸವಾದರೆ ತಗಡಿನ ಅಂಚನ್ನು ಅರದಿಂದ ಉಜ್ಜಬಹುದು. ಮಳೆಗಾಲದಲ್ಲಿ ಬಾಗಿಲಿಗೆ ಹತ್ತರಿ ಹಾಕುವುದು ಮಾತ್ರ ದುಡುಕು. ಉಬ್ಬಿದ ಮರ ಮಾಗಿಯಲ್ಲಿ ಒಣಗಿ ಕುಗ್ಗಿದಾಗ ಸಂದಿಯಲ್ಲಿ ಬೆಳಕು ಕಾಣುತ್ತದೆ, ಆಗ ನಾಲಗೆಗೆ ಹಿಡಿತ ಸಾಲದು.

ತೆರೆದ ಬಾಗಿಲಲ್ಲೂ ಕೈ ತಿರುಗದಿದ್ದರೆ ಮುಂದಿನ ಅನುಮಾನ ಕೈಯ ಮೇಲೆ. ನಕಲಿನ ನಕಲು ತೆಗೆದಂತೆಲ್ಲ ಅಳತೆ ಸ್ವಲ್ಪಸ್ವಲ್ಪ ಜಾರುತ್ತದೆ. ಬ್ಯಾರನ್ನನ ನಿಯಮ ಇಲ್ಲಿ ಕಾಡುತ್ತದೆ: ಸವೆದ ಕೈ ಲಿವರನ್ನು ಕಡಿಮೆ ಎತ್ತುತ್ತದೆ, ಬೀಗ ಒಪ್ಪುವುದಿಲ್ಲ. ಬೀಗ ಕೊಂಡಾಗ ಬಂದ, ಬಳಸದೆ ಎತ್ತಿಟ್ಟ ಕೈಯಿಂದ ಬೀಗ ತೆರೆದರೆ ಅದರಿಂದಲೇ ಹೊಸ ನಕಲು ಮಾಡಿಸಿದರಾಯಿತು. ಎರಡೂ ಕೈ ಬಿಗಿಯಾಗಿದ್ದರೆ ತಪ್ಪು ಧೂಳಿನದು. ನಮ್ಮ ಮನೆಗಳಲ್ಲಿ ಕೈಗೆ ಮೊದಲು ಸಿಗುವುದು ಕೊಬ್ಬರಿ ಎಣ್ಣೆಯ ಬಾಟಲಿ. ಅದನ್ನು ಬಿಟ್ಟರೆ ಆ ದಿನಕ್ಕೆ ಬೀಗ ಸಡಿಲಾಗುತ್ತದೆ. ಆಮೇಲೆ ಎಣ್ಣೆಯ ಜಿಡ್ಡಿಗೆ ಧೂಳು ಅಂಟಿ, ಚಳಿಗೆ ಎಣ್ಣೆ ಹೆಪ್ಪುಗಟ್ಟಿ ಪಿನ್ನುಗಳು ತಮ್ಮ ತೂತಿನಲ್ಲೇ ಸಿಕ್ಕಿಕೊಳ್ಳುತ್ತವೆ. ಪೆನ್ಸಿಲ್ ಮೊನೆಯ ಗ್ರಾಫೈಟ್ ಪುಡಿ ಜಿಡ್ಡಾಗದೆ ಜಾರಿಸುತ್ತದೆ. ಕೈಯ ಹಲ್ಲುಗಳ ಮೇಲೆ ಮೆತ್ತನೆಯ ಪೆನ್ಸಿಲನ್ನು ದಪ್ಪಗೆ ತೀಡಿ ನಾಲ್ಕಾರು ಬಾರಿ ಒಳಹೊರಗೆ ಆಡಿಸುವುದು ರಿಪೇರಿಯವರ ಹಳೆಯ ರೂಢಿ.

ಕೈ ಸುಮ್ಮನೆ ಸುತ್ತುತ್ತಾ ಹೋಗಿ ನಾಲಗೆ ಅಲುಗದಿದ್ದರೆ ಒಳಗೆ ಏನೋ ಮುರಿದಿದೆ: ಲಿವರ್ ಬೀಗದಲ್ಲಿ ಸ್ಪ್ರಿಂಗ್, ಸಿಲಿಂಡರ್ ಬೀಗದಲ್ಲಿ ನಾಲಗೆಯನ್ನು ತಳ್ಳುವ ಹಿಂಬದಿಯ ಹಲ್ಲು. ಯೇಲ್ ತೋರಿದ ದಾರಿ ಇಲ್ಲಿ ನೆರವಿಗೆ ಬರುತ್ತದೆ. ಬಾಗಿಲಿನೊಳಗೆ ಹುದುಗಿ ಕೂರುವ ಇಂದಿನ ಮಾರ್ಟಿಸ್ ಬೀಗಗಳಲ್ಲಿ ಬಾಗಿಲಿನ ಅಂಚಿನಲ್ಲಿ, ನಾಲಗೆಯ ಕೆಳಗೆ ಕಾಣುವ ಒಂದು ಉದ್ದ ಸ್ಕ್ರೂ ಸಿಲಿಂಡರನ್ನು ಹಿಡಿದಿರುತ್ತದೆ. ಅದನ್ನು ಬಿಚ್ಚಿ, ಹಿಂಬದಿಯ ಹಲ್ಲು ಸಿಲಿಂಡರಿನ ಮೈಗೆ ಸಮನಾಗುವವರೆಗೆ ಕೈಯನ್ನು ಸ್ವಲ್ಪ ತಿರುಗಿಸಿದರೆ ಸಿಲಿಂಡರ್ ಹೊರಜಾರುತ್ತದೆ. ಹೊಸದನ್ನು ತರುವಾಗ ಸ್ಕ್ರೂ ತೂತಿನ ನಡುವಿನಿಂದ ಎರಡೂ ತುದಿಗಳಿಗಿರುವ ಉದ್ದವನ್ನು ಬೇರೆಬೇರೆಯಾಗಿ ಅಳೆದು ಒಯ್ಯಬೇಕು. ಒಳ ಹೊರ ಉದ್ದ ಸಮ ಇರಲೇಬೇಕೆಂದಿಲ್ಲ. ಕೈ ಒಳಗೇ ಮುರಿದಿದ್ದರೆ ಇನ್ನೊಂದು ಕೈಯಿಂದ ತಳ್ಳಿ ತೆಗೆಯುವ ಪ್ರಯತ್ನ ಬೇಡ, ತುಂಡು ಇನ್ನಷ್ಟು ಒಳಸೇರುತ್ತದೆ.

ಬೆರಳಚ್ಚು, ಪಿನ್ ನಂಬರಿನ ಡಿಜಿಟಲ್ ಬೀಗಗಳು ಬಂದಮೇಲೆ ಕೈ ಕಳೆಯುವ ತಾಪತ್ರಯ ತಪ್ಪಿತು. ಅದರ ಜಾಗಕ್ಕೆ ಬ್ಯಾಟರಿಯ ತಾಪತ್ರಯ ಬಂತು. ಬ್ಯಾಟರಿ ಪೂರ್ತಿ ಬತ್ತಿದಾಗ ಹೊರಗಿನಿಂದ 9 ವೋಲ್ಟಿನ ಬ್ಯಾಟರಿ ತಾಗಿಸಿ ಬೀಗಕ್ಕೆ ಜೀವ ಕೊಡುವ ಬಿಂದುಗಳು ಅನೇಕ ಮಾದರಿಗಳ ಅಡಿಯಲ್ಲಿವೆ, ಕೊಂಡವರಿಗೆ ಗೊತ್ತಿರುವುದು ಕಡಿಮೆ. ತೋಟ, ಕಟ್ಟಡದ ಕೆಲಸದಲ್ಲಿ ಬೆರಳ ಗೆರೆ ಸವೆದವರನ್ನು ಈ ಬೀಗಗಳು ಗುರುತಿಸದೆಯೂ ಹೋಗುತ್ತವೆ. ಒಳಗೆ ನಾಲಗೆ, ಹೊರಗೆ ತಗಡು ಹಳೆಯವೇ. ಜಗ್ಗಿದ ಬಾಗಿಲಲ್ಲಿ ಮೋಟಾರೂ ಏದುಸಿರು ಬಿಡುತ್ತದೆ.

ಬೀಗವನ್ನು ವರ್ಷಗಟ್ಟಲೆ ಮುಟ್ಟದೆ ಬಿಟ್ಟರೆ ಏನಾಗುತ್ತದೆಂಬುದಕ್ಕೆ ಪುರಿಯ ಜಗನ್ನಾಥ ದೇಗುಲವೇ ಸಾಕ್ಷಿ. ಅಲ್ಲಿಯ ರತ್ನಭಂಡಾರದ ಒಳಕೋಣೆಯ ಬೀಗದಕೈ ಕಾಣೆಯಾಗಿದೆ ಎಂಬುದು 2018ರಲ್ಲಿ ಬಯಲಾಗಿ ಒಡಿಶಾದಲ್ಲಿ ದೊಡ್ಡ ಕೋಲಾಹಲವಾಯಿತು. 2024ರ ಜುಲೈ 14ರಂದು ಕೋಣೆ ತೆರೆಯಲು ಹೋದಾಗ ಇದ್ದ ನಕಲು ಕೈಗಳಿಂದ ಪ್ರಯೋಜನವಾಗಲಿಲ್ಲ. ಕೊನೆಗೆ ಬೀಗಗಳನ್ನು ಒಡೆಯಬೇಕಾಯಿತು.

ಮನೆಯ ಬೀಗಕ್ಕೆ ಆ ಗತಿ ಬರದಿರಲು ಹೆಚ್ಚಿನದೇನೂ ಬೇಕಿಲ್ಲ. ಪ್ರತಿವರ್ಷ ಮಳೆ ಹಿಡಿಯುವ ಮೊದಲು ಬಾಗಿಲು ತೆರೆದಿಟ್ಟು ಒಮ್ಮೆ, ಮುಚ್ಚಿ ಒಮ್ಮೆ ಬೀಗದಕೈ ತಿರುಗಿಸಿ ನೋಡಿ. ಕೀಲಿನ ಸ್ಕ್ರೂ ಬಿಗಿಮಾಡಿ. ಬೀಗದ ಜೊತೆ ಬಂದ ಕೈಗಳಲ್ಲಿ ಒಂದನ್ನು ಬಳಸದೆ, ನಕಲಿಗೆಂದೇ ಎತ್ತಿಡಿ. ಹೊಸ ಬೀಗ ಕೊಳ್ಳುವ ಮುನ್ನ ನಿಮ್ಮ ಬೀದಿಯ ಬೀಗ ರಿಪೇರಿಯವನನ್ನು ಒಮ್ಮೆ ಕರೆಸಿ ಕೇಳಿ.